ಅಮೀನಪ್ಪ ಮಾಸ್ತರ ಕೊಟ್ಟ ಬಹುಮಾನ

ಗುಳೇದಗುಡ್ಡದಿಂದ ಬಾಗಲಕೋಟೆಗೆ ಹೊರಡುವ ಮೊದಲ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಅಮೀನಪ್ಪನದು ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಅಲ್ಲಿ ಕೂತರೆ ಕಂಡಕ್ಟರನೇ ಎಬ್ಬಿಸುತ್ತಿದ್ದ. ಹಾಗೆ ಮಾಡಬೇಡ ಎಂದು ಅಮೀನಪ್ಪ ಎಷ್ಟು ಹೇಳಿದರೂ ಅವನು ಕೇಳುತ್ತಿರಲಿಲ್ಲ. ಒಮ್ಮೆ ಅವನ ಟಿಕೆಟ್ ಪಂಚು ಕೆಟ್ಟಾಗ ಬಸ್ಸು ಬಾಗಲಕೋಟೆ ಮುಟ್ಟುವುದರೊಳಗೆ ಸರಿಮಾಡಿಕೊಟ್ಟವನು ಅಮೀನಪ್ಪ.

ನೇಕಾರರ ಮನೆಯಲ್ಲಿ ಹುಟ್ಟಿದವನು. ಆದರೆ ಮಗ್ಗದ ಮುಂದೆ ಕೂತು ನೇಯುವುದಕ್ಕಿಂತ ಮಗ್ಗವನ್ನೇ ಬಿಚ್ಚಿ ಜೋಡಿಸುವುದು ಅವನಿಗೆ ಹೆಚ್ಚು ಹಿಡಿಸುತ್ತಿತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು, ಸೊಲ್ಲಾಪುರದ ಗಿರಣಿಯೊಂದರಲ್ಲಿ ಹತ್ತು ವರ್ಷ ಫಿಟ್ಟರನಾಗಿ ದುಡಿದು, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಆದಮೇಲೆ ಅಲ್ಲಿಯ ವರ್ಕ್‌ಶಾಪಿಗೆ ಫಿಟ್ಟಿಂಗ್ ಕಲಿಸಲು ಬಂದ. ಹೆಂಡತಿ ಶಿವಲಿಂಗವ್ವ ಮನೆಯಲ್ಲೇ ರವಿಕೆಯ ಖಣ ನೇಯುತ್ತಿದ್ದಳು. ಗಂಡ ಎಷ್ಟು ಮಾತಿನವನೋ ಅವಳು ಅಷ್ಟೇ ಮೌನಿ. ಮಾತಾಡಿದರೆ ಮಾತ್ರ ಅದು ಅವನ ತಲೆಯಲ್ಲಿ ಒಂದು ವಾರ ಉಳಿಯುತ್ತಿತ್ತು.

ಎಪ್ಪತ್ಮೂರನೆಯ ಇಸವಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಮುಗಿಸಿಕೊಂಡು ಬಂದ ದಿನ ಅಮೀನಪ್ಪ ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಹೇಳಿದ.

"ಇಷ್ಟ ಮಂದಿಗೆ ಪದಕ ಕೊಟ್ರು. ಗಣಿತಕ್ಕ ಕೊಟ್ರು, ಓಟಕ್ಕ ಕೊಟ್ರು, ಭಾಷಣಕ್ಕ ಕೊಟ್ರು. ಒಬ್ಬ ಹುಡುಗನ ಕೈ ಹೆಂಗದಾವ ಅಂತ ಯಾರೂ ಕೇಳ್ಲಿಲ್ಲ."

"ಕೈ ನೋಡೂ ಮಂದಿ ನೀವ ಅಲ್ಲೇನ್ರಿ? ನೀವ ಕೊಡ್ರಿ," ಎಂದಳು ಶಿವಲಿಂಗವ್ವ.

"ನಾ ಏನ್ ಕೊಡ್ಲಿ?"

"ನಿಮ್ಮ ಕೈಲೆ ಆಗೂದು."

ಅವನ ಕೈಲಾಗುವುದು ಒಂದು ಗುಣ್ಯಾ. ಮೂಲೆ ಸರಿಯಾಗಿದೆಯೋ ಇಲ್ಲವೋ ಎಂದು ಬಡಗಿ, ಗೌಂಡಿ, ಫಿಟ್ಟರ್ ಎಲ್ಲರೂ ಹಿಡಿದು ನೋಡುವ ಕಾಟಕೋನದ, ಅಂದರೆ ಲಂಬಕೋನದ, ಪಟ್ಟಿ ಅದು. ಗುಜರಿಯಿಂದ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ತಂದ. ಕಾಲೇಜಿನ ಒಂದು ಚೂರು ಕಬ್ಬಿಣವನ್ನೂ ಮುಟ್ಟಲಿಲ್ಲ. ಪರಿಚಯದ ಕಮ್ಮಾರನ ಕುಲುಮೆಯಲ್ಲಿ ಅದನ್ನು ಮೆತ್ತಗೆ ಮಾಡಿಸಿ, ಎರಡು ತಿಂಗಳು ರವಿವಾರ ರವಿವಾರ ಅರದಿಂದ ತಿಕ್ಕಿ ತಿದ್ದಿದ. ವರ್ಷದ ಕೊನೆಯ ಕ್ಲಾಸಿನಲ್ಲಿ ಹುಡುಗರಿಗೆ ಎರಡು ಕಬ್ಬಿಣದ ತುಂಡು ಒಂದರೊಳಗೊಂದು ಕೂಡುವಂತೆ ತಿಕ್ಕಲು ಹೇಳಿ, ಕೂಡಿಸಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಯಾರ ತುಂಡಿನ ಸಂದಿಯಲ್ಲಿ ಬೆಳಕು ಕಾಣಲಿಲ್ಲವೋ ಅವನ ಕೈಗೆ ಗುಣ್ಯಾ ಇಟ್ಟ. ಹೀಗೆ ವರ್ಷಕ್ಕೊಂದು ಗುಣ್ಯಾ ಮಾಡಿ ಕೊಡತೊಡಗಿದ. ಮೊದಲ ವರ್ಷ ಹುಡುಗರು ನಕ್ಕರು. ಮೂರನೆಯ ವರ್ಷಕ್ಕೆ ಅದರ ಸಲುವಾಗಿ ಹುಡುಗರು ಊಟದ ಬಿಡುವಿನಲ್ಲೂ ವರ್ಕ್‌ಶಾಪಿನ ಬಾಗಿಲು ಕಾಯತೊಡಗಿದರು.

ಎಪ್ಪತ್ತಾರರಲ್ಲಿ ಅಮಸಿದ್ದಪ್ಪ ಎಂಬ ಹುಡುಗ ಬಂದ. ಹುನಗುಂದದ ಕಡೆಯ ಹಳ್ಳಿಯವನು. ಮನೆಯವರು ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವವರು. ಉಣ್ಣೆ ಕತ್ತರಿಸುವ ಕತ್ತರಿಗಳಿಗೆ ಸಾಣೆ ಹಿಡಿಯುವುದು ಎಂಟನೆಯ ವಯಸ್ಸಿನಿಂದಲೂ ಅವನ ಕೆಲಸವಾಗಿತ್ತು. ಅವನು ಮೊದಲ ದಿನ ಅರ ಹಿಡಿದ ರೀತಿಯನ್ನು ಕಂಡು ತಿದ್ದಲು ಹೋದ ಅಮೀನಪ್ಪ ಹಾಗೆಯೇ ಹಿಂದಕ್ಕೆ ಬಂದ. ತಿದ್ದುವಂಥದ್ದೇನೂ ಇರಲಿಲ್ಲ. ಆ ವರ್ಷದ ಗುಣ್ಯಾ ಯಾರಿಗೆ ಹೋಗುತ್ತದೆಂದು ದೀಪಾವಳಿಯ ಹೊತ್ತಿಗೇ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಅಮಸಿದ್ದಪ್ಪ ದಿನವೂ ಬಂದು ಅಮೀನಪ್ಪನ ಮಗ್ಗುಲಿನ ವೈಸಿನ ಬಾಯಿಗೆ ತುಂಡು ಕಚ್ಚಿಸಿ ತಿಕ್ಕುತ್ತ ನಿಲ್ಲುತ್ತಿದ್ದ. ಅಮೀನಪ್ಪನಿಗೆ ಮಕ್ಕಳಿರಲಿಲ್ಲ. ಹುಡುಗ ಪಕ್ಕದಲ್ಲಿ ನಿಂತಿರುವುದು ಅವನಿಗೆ ಹಿತವಾಗಿತ್ತು. ಈ ಹೊತ್ತಿಗೆ ಇವನಿಗೆ ಬೇರೆ ಕ್ಲಾಸು ಇರಬೇಕಲ್ಲ ಎಂದು ಒಂದೆರಡು ಸಲ ಅನ್ನಿಸಿತ್ತು. ಕೇಳಲಿಲ್ಲ.

ಮಾರ್ಚಿನಲ್ಲಿ ಗುಣ್ಯಾ ಕೊಟ್ಟ. ಜುಲೈಯಲ್ಲಿ ಫಲಿತಾಂಶ ಬಂತು. ಮೂರು ದಿನ ಹುಡುಗನ ಸುಳಿವಿಲ್ಲ. ನಾಲ್ಕನೆಯ ದಿನ ಗಣಿತ ಕಲಿಸುವ ಹುಸೇನಸಾಬ ಸರ್ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು. ಅವರು ಆ ಕಡೆ ಬಂದದ್ದು ಅದೇ ಮೊದಲು.

"ಅಮೀನಪ್ಪನವರ, ನಿಮ್ಮ ಅಮಸಿದ್ದಪ್ಪ ಗಣಿತದಾಗ ಫೇಲ್ ಆದ. ಜನವರಿ ಮ್ಯಾಲೆ ನನ್ನ ಕ್ಲಾಸಿಗೆ ಬಂದಿದ್ದು ನಾಕ ಸಲ. ಎಲ್ಲಿ ಇರ್ತಿದ್ದ ಅಂತ ನಿಮಗ ಗೊತ್ತೇನ್ರಿ?"

ಅಮೀನಪ್ಪನಿಗೆ ಗೊತ್ತಿತ್ತು. ತಲೆ ತಗ್ಗಿಸಿದ. ಹುಸೇನಸಾಬರು ಇನ್ನೊಂದು ವಿಷಯವನ್ನೂ ಹೇಳಿದರು. ಇಳಕಲ್ಲಿನ ಸೀರೆ ವ್ಯಾಪಾರಿಗಳು ಸೇರಿ ನಡೆಸುವ ವಿದ್ಯಾನಿಧಿಯ ಸ್ಕಾಲರ್‌ಶಿಪ್ ಮೇಲೆ ಆ ಹುಡುಗ ಓದುತ್ತಿದ್ದ. ಸುತ್ತಲಿನ ಊರುಗಳಲ್ಲೆಲ್ಲ ಹುಡುಕಿ ವರ್ಷಕ್ಕೆ ಒಬ್ಬ ಇಂಜಿನಿಯರಿಂಗ್ ಹುಡುಗನಿಗೆ ಕೊಡುತ್ತಿದ್ದ ಸ್ಕಾಲರ್‌ಶಿಪ್ ಅದು. ಒಂದು ವಿಷಯದಲ್ಲಿ ಫೇಲಾದರೂ ನಿಲ್ಲಿಸಿಬಿಡುತ್ತಿದ್ದರು.

ಹಾಸ್ಟೆಲಿಗೆ ಹೋದಾಗ ಅಮಸಿದ್ದಪ್ಪ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ಎಲ್ಲಕ್ಕಿಂತ ಮೇಲೆ ಗುಣ್ಯಾ ಇತ್ತು.

"ಎಲ್ಲಿಗೆ, ತಮ್ಮಾ?"

"ಊರಿಗೆ ಹೋಗ್ತೇನ್ರಿ ಮಾಸ್ತರ. ಕುರಿ ಅದಾವ."

"ಕುರಿ ಎಲ್ಲೂ ಓಡಿ ಹೋಗೂದಿಲ್ಲ. ನಾಳೆ ಇಳಕಲ್ಲಿಗೆ ಹೋಗೂಣು. ನೀ ತಿಕ್ಕಿದ ಆ ಜೋಡ ತುಂಡ ಇಟಗೋ."

ವಿದ್ಯಾನಿಧಿಯ ಹಿರಿಯರು ಬಾಬಣ್ಣ ಎಂಬುವರು. ಇಳಕಲ್ಲಿನ ಪೇಟೆಯಲ್ಲಿ ಅವರ ಸೀರೆ ಅಂಗಡಿ. ಬಿಳಿ ಗಾದಿಯ ಮೇಲೆ ಕೂತು ಕನ್ನಡಕ ಹಣೆಗೇರಿಸಿ ಸೀರೆಯ ಒಡಲಿಗೆ ಸೆರಗು ಕೂಡುವ ಸೇರಿಕೆಯನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಬಂದವರತ್ತ ತಲೆ ಎತ್ತಲಿಲ್ಲ.

"ಇಂವ ನಿಮ್ಮ ನಿಧಿ ಹುಡುಗ್ರಿ. ಗಣಿತದಾಗ ಫೇಲ್ ಆಗ್ಯಾನ," ಎಂದ ಅಮೀನಪ್ಪ.

"ಕಾಗದ ಬಂದೈತಿ. ನೀವ್ಯಾರು?"

"ಫೇಲ್ ಮಾಡಿದವ ನಾನ್ರಿ."

ಬಾಬಣ್ಣ ಸೀರೆ ಕೆಳಗಿಟ್ಟರು. ತಾನು ಗುಳೇದಗುಡ್ಡದ ನೇಕಾರರ ಮನೆಯವನು ಎಂಬುದರಿಂದ ಹಿಡಿದು ಅಮೀನಪ್ಪ ಎಲ್ಲವನ್ನೂ ಹೇಳಿದ. ಗುಣ್ಯಾದ ಆಸೆ ಹಚ್ಚಿದ್ದು ತಾನು, ಕ್ಲಾಸು ತಪ್ಪಿಸುವುದು ಕಂಡೂ ಕಾಣದಂತೆ ಇದ್ದದ್ದು ತಾನು, ಶಿಕ್ಷೆ ಹುಡುಗನಿಗೆ ಆಗಬಾರದು. ಕೊನೆಗೆ ಅಮಸಿದ್ದಪ್ಪ ಕೂಡಿಸಿದ ತುಂಡನ್ನು ಅವರ ಕೈಗೆ ಕೊಟ್ಟು, ಬಾಗಿಲ ಬೆಳಕಿಗೆ ಹಿಡಿದು ನೋಡಿರೆಂದ. ಬಾಬಣ್ಣ ನೋಡಿದರು. ಆಮೇಲೆ ತುಂಡಿನ ಸೇರಿಕೆಯ ಮೇಲೆ ಉಗುರು ಎಳೆದರು. ಉಗುರು ಎಲ್ಲಿಯೂ ತಡೆಯಲಿಲ್ಲ.

"ಛಲೋ ಐತಿ," ಎಂದರು. "ಭಾಳ ಛಲೋ ಐತಿ. ಆದ್ರ ಒಂದ ಮಾತ ಕೇಳ್ರಿ ಮಾಸ್ತರ. ನೀವೂ ನೇಕಾರ ಮನಿಯವರು, ನಾನೂ ನೇಕಾರ ಮನಿಯವ. ಈ ಓಣ್ಯಾಗ ಯಾವ ಮನಿ ಬಾಗ್ಲಾ ಬಡದ್ರೂ ಇಂಥಾ ಕೈ ನಾಕ ಸಿಗ್ತಾವ. ಕೈ ಸಲುವಾಗಿ ಕೊಡೂದಿದ್ರ ನಾವು ಕಾಲೇಜ ತನಕಾ ಯಾಕ ಹೋಗ್ಬೇಕ್ರಿ? ನಮ್ಮ ಮಂದಿಗೆ ಬರಲಾರದ್ದು ಲೆಕ್ಕ. ಮಿಷನ್ ಯಾಕ ತಿರಗತೈತಿ, ಯಾಕ ನಿಂದ್ರತೈತಿ, ಅದನ್ನ ಕಾಗದದ ಮ್ಯಾಲೆ ಬರದು ತೋರ್ಸೂ ಒಬ್ಬ ಮನಷಾ ನಮ್ಮೊಳಗಿಂದ ಬರಲಿ ಅಂತ ಈ ನಿಧಿ ಮಾಡೇವಿ."

ಅಮೀನಪ್ಪ ತುಂಡನ್ನು ಮರಳಿ ತೆಗೆದುಕೊಂಡ. ಆಗ ಅಷ್ಟು ಹೊತ್ತೂ ಗೋಡೆಗೆ ಆತುನಿಂತಿದ್ದ ಅಮಸಿದ್ದಪ್ಪ ಕೇಳಿದ.

"ಅಕ್ಟೋಬರ್ ಪರೀಕ್ಷಾದಾಗ ಪಾಸ್ ಆದ್ರ?"

"ಆದ್ರ ಬಾ. ಮತ್ತ ಸುರು ಮಾಡೂಣು. ಮಾಸ್ತರನ್ನ ಕರಕೊಂಡ ಬರಬ್ಯಾಡ, ಮಾರ್ಕ್ಸ್ ಕಾರ್ಡ್ ತಗೊಂಡ ಬಾ," ಎಂದು ಬಾಬಣ್ಣ ಇಬ್ಬರನ್ನೂ ಊಟಕ್ಕೆ ಒಳಗೆ ಕರೆದರು.

ಹುನಗುಂದ ದಾಟಿ ಬಸ್ಸು ಬಾಗಲಕೋಟೆಯ ದಾರಿ ಹಿಡಿಯಿತು. ಪದಕ ಕೊಟ್ಟವರಿಗೆ ಕೈ ಕಾಣಲಿಲ್ಲವೆಂದು ಅಮೀನಪ್ಪ ಸಿಟ್ಟಾಗಿದ್ದ. ನಾನೂ ಹುಡುಗನ ಅರ್ಧವನ್ನೇ ನೋಡಿದ್ದೆನಲ್ಲ ಎಂದು ಈಗ ಅವನಿಗೆ ನಾಚಿಕೆಯಾಗುತ್ತಿತ್ತು. ಬಸ್ಸಿಳಿದವನು ನೇರವಾಗಿ ಹುಸೇನಸಾಬರ ಮನೆಗೆ ಹೋದ.

"ದಿನಾ ಸಂಜಿಮುಂದ ಒಂದ ತಾಸು ಕಲಿಸ್ರಿ ಸರ್. ಜಾಗಾ ನಮ್ಮ ವರ್ಕ್‌ಶಾಪ್ ಐತಿ."

"ಕಲಸ್ತೇನಿ. ಹುಡುಗ ಬರ್ತಾನಂತ ಏನ್ ಗ್ಯಾರಂಟಿ?"

"ನಾನೂ ಬಂದ ಕೂಡ್ತೇನ್ರಿ."

ಹುಸೇನಸಾಬರು ಅದನ್ನು ಚೇಷ್ಟೆ ಎಂದುಕೊಂಡರು. ಮರುದಿನ ನೋಡಿದರೆ ಅಮೀನಪ್ಪ ಕೈ ತೊಳೆದು, ಮುಂದಿನ ಬೆಂಚಿನಲ್ಲಿ, ಹುಡುಗನ ಪಕ್ಕದಲ್ಲಿ, ಪಾಟಿ ಹಿಡಿದು ಕೂತಿದ್ದ. ಹದಿನೈದು ದಿನ ಅವನಿಗೆ ಏನೂ ತಿಳಿಯಲಿಲ್ಲ. ಆದರೆ ತಿಳಿಯದ್ದನ್ನು ಕೇಳಲು ಅವನಿಗೆ ಸಂಕೋಚವಿರಲಿಲ್ಲ. ಅಮಸಿದ್ದಪ್ಪನಿಗೆ ಕೇಳಲು ನಾಚಿಕೆಯಾಗುತ್ತಿದ್ದ ಪ್ರಶ್ನೆಗಳೆಲ್ಲ ಮಾಸ್ತರನ ಬಾಯಿಂದ ಬರತೊಡಗಿದವು.

"ಸರ್, ಆ ಹಾವಿನಂಗ ನಿಂತೈತೆಲ್ರಿ ಅಕ್ಷರ, ಅದೇನ್ ಹೇಳತೈತ್ರಿ?"

"ಅದು ಇಂಟಿಗ್ರೇಶನ್ ಗುರ್ತು. ಕಣ್ಣಿಗೆ ಕಾಣಲಾರದಷ್ಟು ಸಣ್ಣ ಸಣ್ಣ ಚೂರು ಮಾಡಿ, ಆ ಚೂರೆಲ್ಲಾ ಕೂಡ್ಸು ಅಂತ ಹೇಳತೈತಿ."

ಅಮೀನಪ್ಪ ಯೋಚಿಸಿದ. "ಹಂಗಾರ ನಾವು ಅರಾ ಹಾಕಿದಾಗ ಪುಡಿ ಉದರತೈತೆಲ್ರಿ. ಆ ಪುಡಿನೆಲ್ಲಾ ಬಳದು ಕೂಡ್ಸಿದ್ರ ತುಂಡ ಎಷ್ಟ ಸವದೈತಿ ಅಂತ ತಿಳೀತೈತಿ. ಹಂಗೇನ್ರಿ?"

ಹುಸೇನಸಾಬರು ಸೀಮೆಸುಣ್ಣದ ಖಡುವನ್ನು ಹಲಗೆಯ ಅಂಚಿಗಿಟ್ಟರು. "ಹಂಗ," ಎಂದರು. "ಖರೆ ಹೇಳ್ತೇನಿ, ಇಷ್ಟ ವರ್ಷ ಆತು, ಹಿಂಗ ನಾ ಯಾರಿಗೂ ಹೇಳಿಕೊಟ್ಟಿರಲಿಲ್ಲ." ಅಮಸಿದ್ದಪ್ಪ ವೈಸಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ನೋಡಿದ, ಹಲಗೆಯನ್ನು ನೋಡಿದ. ಆ ದಿನ ಕೊಟ್ಟ ಲೆಕ್ಕಗಳನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಿದ.

ಮನೆಯಲ್ಲಿ ಶಿವಲಿಂಗವ್ವನಿಗೆ ಮಗ್ಗದ ಕಂಬದ ಮೇಲೆ ಖಡುವಿನಲ್ಲಿ ಬರೆದ ಹಾವುಗಳು ಸಿಕ್ಕವು. "ಇವು ಕಚ್ಚತಾವೇನ್ರಿ?" ಎಂದು ಕೇಳಿದಳು. ಕಚ್ಚಿಬಿಟ್ಟಿವೆ ಎಂದ ಅಮೀನಪ್ಪ.

ಅಮಸಿದ್ದಪ್ಪ ಅಕ್ಟೋಬರಿನಲ್ಲಿ ಪಾಸಾದ. ಹೇಳಿದಂತೆ ಒಬ್ಬನೇ ಇಳಕಲ್ಲಿಗೆ ಹೋಗಿ ಬಂದ. ಸ್ಕಾಲರ್‌ಶಿಪ್ ಮತ್ತೆ ಸುರುವಾಯಿತು. ಬಾಬಣ್ಣ ಅವನ ಕೈಯಲ್ಲಿ ಶಿವಲಿಂಗವ್ವನಿಗೊಂದು ಕೆಂಪು ಸೆರಗಿನ ಸೀರೆ ಕಳಿಸಿದ್ದರು. ಅವಳು ಎರಡು ದಿನ ಮಗ್ಗ ಬಿಟ್ಟೇಳದೆ ಖಣ ನೇಯ್ದು ಅವರ ಹೆಂಡತಿಗೆ ಕಳಿಸಿದಳು.

ಆಮೇಲೆ ಅಮೀನಪ್ಪ ಗುಣ್ಯಾ ಕೊಡುವ ಕ್ರಮ ಬದಲಿಸಿದ. ಬೆಳಕಿಗೆ ಹಿಡಿದು ನೋಡಿದ ಮೇಲೆ, ಫಲಿತಾಂಶ ಬರುವವರೆಗೆ ಕಾದು, "ಮಾರ್ಕ್ಸ್ ಕಾರ್ಡ್ ತಾ," ಎನ್ನುತ್ತಿದ್ದ. ಇಂಗ್ಲಿಷ್ ಓದಲು ಬರದಿದ್ದರಿಂದ ಹುಸೇನಸಾಬರಿಂದ ಓದಿಸುತ್ತಿದ್ದ. ಹುಡುಗರು ಗೊಣಗಿದರು. ಎಂಬತ್ತರಲ್ಲಿ ಬಹಳ ಒಳ್ಳೆಯ ಕೈಯ ಹುಡುಗನೊಬ್ಬ ಎರಡು ವಿಷಯದಲ್ಲಿ ಫೇಲಾಗಿದ್ದ. ಗುಣ್ಯಾ ತಡೆಹಿಡಿದು ಅವನನ್ನೂ ಸಂಜೆಯ ಬೆಂಚಿಗೆ ಕೂಡಿಸಿದ. ಅಷ್ಟರಲ್ಲಿ ಆ ಬೆಂಚಿಗೆ ಬರುವವರು ಏಳೆಂಟು ಜನರಾಗಿದ್ದರು. ಒಂದು ವರ್ಷ ಪ್ರಿನ್ಸಿಪಾಲರು ಗ್ಯಾದರಿಂಗ್ ವೇದಿಕೆಯ ಮೇಲೆಯೇ ಗುಣ್ಯಾ ಕೊಡಿಸಿದರು. ಅಮೀನಪ್ಪ ಹೊಸ ಧೋತರ ಉಟ್ಟು, ರುಮಾಲು ಸುತ್ತಿ ಬಂದು, ಮೈಕಿನ ಮುಂದೆ ನಿಂತು, ಕಲಿತ ಮಾತೆಲ್ಲ ಮರೆತು ಕೈ ಮುಗಿದು ಇಳಿದ.

ಅಮಸಿದ್ದಪ್ಪ ಇಂಜಿನಿಯರ್ ಆಗಿ ನೀರಾವರಿ ಇಲಾಖೆ ಸೇರಿ, ಮರೋಳದ ಕಡೆ ನದಿಯ ನೀರೆತ್ತುವ ಕೆಲಸಕ್ಕೆ ಹೋದ. ಪಂಪಿನ ದಂಡವನ್ನೂ ಮೋಟಾರಿನ ದಂಡವನ್ನೂ ಒಂದೇ ಗೆರೆಯಲ್ಲಿ ಕೂರಿಸುವ ಬಗ್ಗೆ ಅವನು ಬರೆದ ಪ್ರಬಂಧಕ್ಕೆ ಎಂಬತ್ನಾಲ್ಕರಲ್ಲಿ ಹುಬ್ಬಳ್ಳಿಯ ಇಂಜಿನಿಯರುಗಳ ಸಂಘದವರು ಬೆಳ್ಳಿಯ ಪದಕ ಕೊಟ್ಟರು. ಪದಕ ತೋರಿಸಲು ಗುಳೇದಗುಡ್ಡಕ್ಕೆ ಬಂದವನಿಗೆ ಅಮೀನಪ್ಪ, "ಪದಕ ಆಮ್ಯಾಲ ನೋಡೂಣು, ಬರದದ್ದು ಹೇಳು," ಎಂದು ಮಧ್ಯಾಹ್ನವೆಲ್ಲ ಕೂಡಿಸಿಕೊಂಡ. ಮೂರು ಪ್ರಶ್ನೆ ಕೇಳಿದ. ಎರಡಕ್ಕೆ ಉತ್ತರ ಬಂತು. ಮೂರನೆಯದರ ಉತ್ತರ ಹದಿನೈದು ದಿನದ ಮೇಲೆ ಅಂಚೆಯ ಕಾರ್ಡಿನಲ್ಲಿ ಬಂತು.

ಮರುವರ್ಷ ಅಮೀನಪ್ಪ ನಿವೃತ್ತನಾದ. ಬಾಬಣ್ಣನವರದೂ ಒಂದು ಕಾರ್ಡು ಬಂತು: ವಿದ್ಯಾನಿಧಿಗೆ ಹುಡುಗರನ್ನು ಆರಿಸುವಾಗ ನಾವು ಬರೀ ಅಂಕ ನೋಡುತ್ತೇವೆ, ಕೈ ನೋಡುವವರು ಒಬ್ಬರು ಬೇಕಾಗಿದ್ದಾರೆ, ಜೂನ್ ತಿಂಗಳಲ್ಲಿ ಬರಬೇಕು. ಅಮೀನಪ್ಪ ಹೋದ. ಹೋದಲ್ಲಿ ಇಬ್ಬರೂ ದಿನವಿಡೀ ವಾದ ಮಾಡಿದರು, ಊಟಕ್ಕೆ ಮಾತ್ರ ಒಂದಾದರು.

ಎಂಬತ್ತಾರರ ಜೂನಿನಲ್ಲಿ ಅರ್ಜಿ ಹಾಕಿದವರಲ್ಲಿ ಹುನಗುಂದದ ಹನಮವ್ವ ಎಂಬ ಹುಡುಗಿಯಿದ್ದಳು. ನಿಧಿಯ ಕಾಗದದಲ್ಲಿ 'ಹುಡುಗ' ಎಂದು ಬರೆದಿದೆ ಎಂದು ಬಾಬಣ್ಣ ತಡೆದರು. ಬರೆದಾಗ ಹುಡುಗಿಯರು ಬಂದಿರಲಿಲ್ಲ, ಈಗ ಬಂದಿದ್ದಾರೆ ಎಂದ ಅಮೀನಪ್ಪ. ಕೇಳಿ ನೋಡೋಣ ಎಂದು ಅವಳನ್ನು ಒಳಗೆ ಕರೆದರು.

"ಎಲೆಕ್ಟ್ರಿಕಲ್ ಯಾಕ ತಗೋತೀಯವ್ವಾ?" ಬಾಬಣ್ಣ ಕೇಳಿದರು.

"ನಮ್ಮ ಓಣಿಗೆ ಕಂಬ ಬಂದು ಆರ ವರ್ಷ ಆತ್ರಿ. ಎಲ್ಲಾರ ಮನ್ಯಾಗೂ ಹಚ್ಚೂ ಹೊತ್ತಿಗೆ ಬಲ್ಬ ಕೆಂಪಾಗಿ ಸೊರಗತಾವ. ಯಾಕ ಅಂತ ಲೈನ್‌ಮನ್ನಗ ಕೇಳೀನಿ, ಸಾಲಿ ಮಾಸ್ತರಗೂ ಕೇಳೀನಿ. ನಿಮಗ ಗೊತ್ತೈತೇನ್ರಿ?"

ಬಾಬಣ್ಣ ನಿಧಿಯ ಕಾಗದ ತೆಗೆದು 'ಹುಡುಗ' ಎಂಬುದರ ಮುಂದೆ 'ಹುಡುಗಿ' ಎಂದು ಸೇರಿಸಿದರು. ಆ ವರ್ಷ ನಿಧಿಯಿಂದ ಅವಳೂ ಸೇರಿ ಇಬ್ಬರಿಗೆ ಸ್ಕಾಲರ್‌ಶಿಪ್ ಹೋಯಿತು.

ಮನೆಗೆ ಬಂದು ಅಮೀನಪ್ಪ ಇದನ್ನೆಲ್ಲ ಹೇಳಿದ. ಶಿವಲಿಂಗವ್ವ ಲಾಳಿಯನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದಳು. ತಲೆಯ ಮೇಲಿನ ಬಲ್ಬು ಅದೇ ಕೆಂಪಿಗೆ ತಿರುಗಿತ್ತು.

"ಆಕಿಗೆ ತಿಳದ ಮ್ಯಾಲ ನಮ್ಮ ಮನಿಗೂ ಒಮ್ಮೆ ಬಂದ ಹೇಳಿ ಹೋಗಂತ ಹೇಳ್ರಿ," ಎಂದಳು.