ಸರೋಜತ್ತೆಯ ಮನೆಯ ಎರಡನೇ ರೂಟರ್

ಸರೋಜತ್ತೆ ಮನೆಗೆ ಬಂದವರ ಚೀಲವನ್ನು ಮೊದಲು ನೋಡುತ್ತಿದ್ದರು, ಮುಖವನ್ನು ಆಮೇಲೆ. ಮುಂಬಯಿ ಬಳಿಯ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗೇಟಿನಲ್ಲಿ, ಪಾಳಿ ಮುಗಿಸಿ ಹೊರಡುವ ಹೆಂಗಸರನ್ನು ತಪಾಸಣೆ ಮಾಡುವ ಕೆಲಸದಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ನಿವೃತ್ತರಾದ ಮೇಲೂ ತರಕಾರಿ ಚೀಲವನ್ನು ತಳದಿಂದ ಒತ್ತಿ ನೋಡುವರು. ಹಾಲಿನವನು ನಕ್ಕರೆ, "ಇವತ್ತು ಇವ ಯಾಕೆ ನಗ್ತಾನೆ? ನೀರು ಹೆಚ್ಚು ಹಾಕಿರ್ಬೇಕು" ಎನ್ನುವರು.

ಅವರು ಅಪ್ಪನ ಅಕ್ಕ. ನಮ್ಮ ಮನೆಯಿರುವ ಟಿಟ್ವಾಳಾದಿಂದ ಠಾಣೆಯ ಆಫೀಸಿಗೆ ದಿನವೂ ಲೋಕಲ್ ರೈಲಿನಲ್ಲಿ ಅಷ್ಟು ದೂರ ಜೋತುಕೊಂಡು ಹೋಗುವುದು ಬೇಡವೆಂದು ಅಪ್ಪ ನನ್ನನ್ನು ಅವರ ಮನೆಯಲ್ಲಿ ಬಿಟ್ಟಿದ್ದರು. ಪ್ರತಿ ಸಂಜೆ ಅತ್ತೆ ಅಪ್ಪನಿಗೆ ಫೋನ್ ಮಾಡುವರು. ನಾನು ಎಷ್ಟು ಹೊತ್ತಿಗೆ ಬಂದೆ, ಎಂತ ತಿಂದೆ, ಎಲ್ಲವೂ ಅಲ್ಲಿಗೆ ತಲುಪುತ್ತಿತ್ತು.

ಹಿಂದಿನ ಕೋಣೆ ನನ್ನದು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಹಾಲ್‌ನ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಯಾರ ಜೊತೆ ಮಾತಾಡುವುದಿದ್ದರೂ ಹಾಲ್‌ನಲ್ಲೇ, ಅತ್ತೆಯ ಪಕ್ಕದಲ್ಲೇ. ನನ್ನ ಫೋನ್ ಬಂದರೆ ಅವರು ಟಿವಿಯ ಸದ್ದು ತಗ್ಗಿಸಿ ಬೀನ್ಸ್ ಮುರಿಯುವರು. ನಾನು ಮಾತಾಡಬೇಕಾಗಿದ್ದದ್ದು ಅಮೋಲ್ ಜೊತೆ. ಕಾಲೇಜಿನಿಂದ ಪರಿಚಯ, ಮದುವೆಯಾಗುವುದೆಂದು ಇಬ್ಬರೂ ನಿಶ್ಚಯಿಸಿದ್ದೆವು. ಮರಾಠಿ ಹುಡುಗ. ಅಪ್ಪನಿಗೆ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದಂತೂ ಬೇಡವಾಗಿತ್ತು.

ಅಮೋಲ್ ತನ್ನ ಮನೆಯ ಹಳೆಯ ರೂಟರ್ ಕೊಟ್ಟ. ಅತ್ತೆ ಅದನ್ನು ಚೀಲದಿಂದ ಹೊರಗೆ ತೆಗೆದು ತಿರುಗಿಸಿ ನೋಡಿದರು.

"ಒಂದು ಉಂಟಲ್ಲ. ಇನ್ನೊಂದು ಎಂತಕ್ಕೆ?"

"ಆಫೀಸಿನ ಮೀಟಿಂಗಿಗೆ, ಅತ್ತೆ. ಒಳಗೆ ಸಿಗುವುದಿಲ್ಲ."

"ಎರಡು ಗೇಟ್ ಮಾಡಿದ್ರೆ ಎರಡು ವಾಚ್‌ಮನ್ ಬೇಕು. ಗೊತ್ತುಂಟಾ?"

ಹಾಲ್‌ನ ರೂಟರ್‌ನಿಂದ ಗೋಡೆಯ ಅಂಚಿನಲ್ಲಿ ಕೇಬಲ್ ಎಳೆದು ಹಿಂದಿನ ಕೋಣೆಯ ರೂಟರ್‌ಗೆ ಸಿಕ್ಕಿಸಿದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ. ಅತ್ತೆ ಸ್ಟೂಲ್ ಹಿಡಿದು ನಿಂತಿದ್ದರು. ಕಣ್ಣು ನನ್ನ ಬೆರಳುಗಳ ಮೇಲಿತ್ತು. "ಗೋಡೆ ಆಚೆಯ ಪಾಟೀಲರಿಗೆ ಪುಕ್ಕಟೆ ಅಲ್ವಾ ಇನ್ನು?"

ಆ ರೂಟರ್ ಎರಡು ಹೆಸರುಗಳಲ್ಲಿ ಸಿಗ್ನಲ್ ಬಿಡುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಒಂದನ್ನು ಬದಲಿಸಿದ್ದೆ. ಇನ್ನೊಂದು ಹಳೆಯ ಹೆಸರಲ್ಲೇ ಉಳಿದಿತ್ತು.

ಅತ್ತೆಗೆ ಊಟದ ನಂತರ ಫೋನಿನಲ್ಲಿ ವೈಫೈ ಪಟ್ಟಿ ತೆರೆದು ಕಟ್ಟಡದ ನಮ್ಮ ವಿಂಗಿನ ಮನೆಗಳ ಹಾಜರಿ ತೆಗೆದುಕೊಳ್ಳುವ ಅಭ್ಯಾಸವಿತ್ತು. ಶಿಂಧೆಯವರ ವೈಫೈ ಕಾಣದಿದ್ದರೆ ಅವರು ಊರಿಗೆ ಹೋಗಿದ್ದಾರೆಂದು ಲೆಕ್ಕ. ಮರುದಿನ ರಾತ್ರಿ ನಾನು ಸ್ನಾನ ಮುಗಿಸಿ ಬಂದಾಗ ಅವರು ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಹಿಂದಿನ ಕೋಣೆಗೆ ಬರುತ್ತಿದ್ದರು.

"ಅಮೋಲ್ ಹೋಮ್ ಅಂತ ತೋರಿಸ್ತಾ ಉಂಟು. ಹಾಲ್‌ನಲ್ಲಿ ಎರಡು ಗೆರೆ. ಇಲ್ಲಿ ಫುಲ್." ನನ್ನ ಕಪಾಟಿನ ಬಾಗಿಲು ತೆರೆದರು. ಮಂಚದ ಕೆಳಗೆ ಬಗ್ಗಿದರು. "ಎಲ್ಲಿದ್ದಾನೆ?"

"ಅತ್ತೆ, ಅದು ರೂಟರ್‌ನ ಹೆಸರು."

"ರೂಟರ್‌ಗೆ ಅಮೋಲ್ ಅಂತ ನಾಮಕರಣ ಮಾಡಿದ್ದು ಯಾರು ಮಾರಾಯ್ತಿ?"

ಗೇಟಿನಲ್ಲಿ ಎಷ್ಟೋ ಹೆಂಗಸರು ನನ್ನ ಹಾಗೆಯೇ ಸಿಕ್ಕಿಬಿದ್ದು ಅವರೆದುರು ನಿಂತಿರಬೇಕು. ಅವರು ಮಂಚದ ಮೇಲೆ ಕುಳಿತು ನನ್ನನ್ನೇ ನೋಡಿದರು.

"ಹೆಸರು ಬದಲಿಸು. ನಿನ್ನ ಅಪ್ಪ ಆದಿತ್ಯವಾರ ಬರ್ತಾನೆ. ಅವನ ಫೋನಿನಲ್ಲೂ ಕಾಣ್ತದೆ."

"ಏನಂತ ಇಡಲಿ?"

"ನನ್ನ ಹೆಸರಿಡು. ಅವನು ಹೆದರುವುದು ಅದಕ್ಕೊಂದಕ್ಕೇ."

ಅಷ್ಟಾದರೂ ನನಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ಸಂಜೆಯ ಫೋನಿನ ಹೊತ್ತಿಗೆ ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದೆ. ಅವರು ದನಿ ತಗ್ಗಿಸಿದರೆ, ಮುಗಿಯಿತು, ಇವತ್ತು ಹೇಳಿದರು ಎನ್ನಿಸುತ್ತಿತ್ತು. ಅಪ್ಪ ಬಂದಾಗ ಅವರ ಮುಖದಲ್ಲಿ ಸುಳಿವು ಹುಡುಕುತ್ತಿದ್ದೆ. ಗೊತ್ತಿದ್ದೂ ಕಾಯುತ್ತಿದ್ದಾರೆಯೇ? ಅಕ್ಕ ತಮ್ಮ ಸೇರಿ ನನ್ನನ್ನು ಪರೀಕ್ಷಿಸುತ್ತಿದ್ದಾರೆಯೇ?

ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಉತ್ತರಕ್ರಿಯೆಯ ದಿನ ಅಮೋಲ್ ಬಂದು, ಯಾರೂ ಹೇಳದೆಯೇ ಊಟದ ಪಂಕ್ತಿಗೆ ನೀರು ಬಡಿಸುತ್ತಿದ್ದ. ಅಪ್ಪ ನನ್ನ ಪಕ್ಕಕ್ಕೆ ಬಂದು ಕೇಳಿದರು, "ಆ ಹುಡುಗ ಯಾರು? ಅಕ್ಕನ ಕಾರ್ಖಾನೆಯವನಾ?"

ಅವರ ಮುಖವನ್ನು ತುಂಬಾ ಹೊತ್ತು ನೋಡಿದೆ. ಅವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

"ಅಲ್ಲಪ್ಪ," ಎಂದೆ. "ಬನ್ನಿ, ಹೇಳುತ್ತೇನೆ."