ಅಪ್ಪನ ಕಾರಿನ ಪೈಪೂ ಅಜ್ಜಿಯ ಅನುಮಾನವೂ

ನಿನ್ನೆ ಗಾದಿಗನೂರಿನ ಬಳಿ ಬಾನೆಟ್ ಎತ್ತಿ ನಿಂತಿದ್ದ ಕಾರಿನಿಂದ ಕಾದ ರಬ್ಬರಿನ ವಾಸನೆ ಬಂತು. ಬಂಡ್ರಿಯ ನಮ್ಮ ಅಂಗಳ ಕಣ್ಣಮುಂದೆ ನಿಂತಿತು.

ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಕಾರು ಏರಿನಲ್ಲಿ ಕಾದು ನಿಂತುಬಿಡುತ್ತಿತ್ತು. ಇಂಜಿನ್ ತನ್ನದೇ ಬಿಸಿಗಾಳಿ ಎಳೆದುಕೊಳ್ಳುತ್ತಿದೆ ಎಂದು ಅಪ್ಪ ಹೆಡ್‌ಲೈಟಿನ ಪಕ್ಕ ತೂತು ಕೊರೆದು, ಹೊರಗಿನ ತಂಪು ಗಾಳಿ ಇಂಜಿನ್ನಿಗೆ ಹೋಗಲೆಂದು ರಬ್ಬರ್ ಪೈಪು ಕೂಡಿಸಿದ.

ಅಜ್ಜಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. "ಅದರಾಗ ಹಾವು ಹೊಕ್ಕಂಡ್ರ ಏನ್ ಮಾಡ್ತೀಲೇ?" ಎಂದು ದಿನಾ ಕೋಲು ತೂರಿಸಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ, ಹೆರಿಗೆಗೆ ಬಂದಿದ್ದ ಅತ್ತೆಗೆ ನೋವು ಶುರುವಾಯಿತು. ಹೊಸಪೇಟೆಗೆ ಒಯ್ಯಲು ಬೇರೆ ಗಾಡಿ ಸಿಗಲಿಲ್ಲ.

"ನನ್ನ ಮಗಳನ್ನ ಇದರಾಗ ಕಳ್ಸಂಗಿಲ್ಲ," ಎಂದು ಅಜ್ಜಿ ಅಡ್ಡ ನಿಂತಳು.

"ನನಗ ತಂಗಿ ಅಲ್ಲೇನ್ಬೇ ಆಕಿ? ಜಲ್ದಿ ಹತ್ತು," ಎಂದ ಅಪ್ಪ.

ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ಅವ್ವನ ತೊಡೆಯ ಮೇಲಿತ್ತು. ಮುಂದೆ ನನ್ನ ಪಕ್ಕ ಕೂತ ಅಜ್ಜಿ ದಾರಿ ನೋಡದೆ ಬಾನೆಟ್ಟನ್ನೇ ನೋಡುತ್ತಿದ್ದಳು. ಸಂಡೂರಿನ ಏರಿನುದ್ದಕ್ಕೂ "ಹೊಗಿ ಬಂತೇನು?" ಎಂದು ನನ್ನ ತೋಳು ಹಿಂಡಿದಳು. ಕಾರು ಎಲ್ಲೂ ನಿಲ್ಲಲಿಲ್ಲ.

ಅತ್ತೆಯನ್ನು ಆಸ್ಪತ್ರೆಯ ಒಳಗೆ ಕರೆದೊಯ್ದ ಮೇಲೆ ಅಜ್ಜಿ ಬಾನೆಟ್ ಮುಟ್ಟಿ ಕೈ ಹಿಂದೆಗೆದಳು. "ಸುಡಾಕತ್ತೈತಿ. ಇಲ್ಲೀತನ ದೇವರು ಮುಟ್ಟಿಸಿದ, ನಿನ್ನ ಪೈಪಲ್ಲ."

ಅಪ್ಪ ನಕ್ಕ. ಸಂಜೆ ನರ್ಸ್ ಬಂದು ಹೆಣ್ಣುಮಗು ಎಂದಾಗ ಮೆಟ್ಟಿಲ ಮೇಲೆ ಕೂತ. "ದಾರ್ಯಾಗ ನಿಂತಿದ್ರ ಏನ್ ಗತಿ ಆಗ್ತಿತ್ತು," ಎಂದ ನನಗೆ. ಆ ಪೈಪನ್ನು ಅವನೂ ಪೂರ್ತಿ ನಂಬಿರಲಿಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಆ ಮಗು ಈಗ ಕಂಪ್ಲಿಯಲ್ಲಿ ಟೀಚರ್. ನಿನ್ನೆ ಅವಳಿಗೆ ಫೋನಿನಲ್ಲಿ ಈ ಕತೆ ಹೇಳಿದೆ. "ಪೈಪಿನಿಂದ ಏನಾಗ್ತೈತಕ್ಕ, ಸುಮ್ನ ಹೇಳ್ತಿ," ಎಂದಳು.