ಪರದೆ ಕಪ್ಪಾಗಿದ್ದ ನಲವತ್ತು ನಿಮಿಷ

ಕರಗಂದಾ ಸೀಮೆಯ ಆ ಕಲ್ಲಿದ್ದಲು ಗಣಿಯಲ್ಲಿ ಕುಲ್ಯಾಶ್ ಇಪ್ಪತ್ತಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದವಳು. ಐನೂರು ಮೀಟರ್ ಕೆಳಗೆ ಆರು ಸುರಂಗಗಳಲ್ಲಿ ಕೆಲಸ ನಡೆಯುತ್ತಿತ್ತು. ಅಲ್ಲಿ ಕಿಡಿ ತಾಗಿದರೆ ಸಿಡಿಯುವ ಗ್ಯಾಸ್ ಎಷ್ಟಿದೆ ಎಂಬುದನ್ನು ಸೆನ್ಸರುಗಳು ಅಳೆದು ಅವಳ ಪರದೆಗೆ ಕಳಿಸುತ್ತಿದ್ದವು. ಅಂಕಿ ಶೇಕಡಾ ಒಂದನ್ನು ದಾಟಿದರೆ ಆ ಸುರಂಗದ ಯಂತ್ರಕ್ಕೆ ಕರೆಂಟು ತಾನಾಗಿಯೇ ಹೋಗುತ್ತಿತ್ತು. ಎರಡನ್ನು ದಾಟಿದರೆ ಅಲ್ಲಿನ ಆಳುಗಳನ್ನೆಲ್ಲ ಮೇಲಕ್ಕೆ ಕರೆಸಬೇಕು, ಆ ಅಧಿಕಾರ ಅವಳದು. ಎರಡೇ ಎರಡು ಸಲ ಹಾಗೆ ಕರೆಸಿದ್ದಳು. ಸುರಂಗದವರೊಡನೆ ಮಾತಾಡುವ ಫೋನಿನಲ್ಲಿ ಒಂದು ದಿನವೂ ಸುಳ್ಳು ಹೇಳಿದವಳಲ್ಲ, ಅದನ್ನು ಗಣಿಗೆ ಗಣಿಯೇ ಒಪ್ಪುತ್ತಿತ್ತು.

ಮದುವೆಯಾಗಲಿಲ್ಲ. ತಾಯಿ ಸತ್ತಾಗ ಅವಳಿಗೆ ಇಪ್ಪತ್ತು, ತಮ್ಮ ಝಾನಾಬಿಲ್‌ಗೆ ಒಂಬತ್ತು. ಸಂಬಂಧ ಹುಡುಕಿಕೊಂಡು ಬಂದವರಿಗೆಲ್ಲ, "ಹುಡುಗ ಒಂದು ದಡ ಸೇರಲಿ" ಎನ್ನುತ್ತಿದ್ದಳು. ಹುಡುಗ ದಡ ಸೇರಿದ, ಗಣಿಗೆ ಸೇರಿದ, ಮದುವೆಯಾಗಿ ಮೂರು ಮಕ್ಕಳ ತಂದೆಯೂ ಆದ. ಅಷ್ಟು ಹೊತ್ತಿಗೆ ಅವಳನ್ನು ಕೇಳುವವರೇ ಇರಲಿಲ್ಲ. ಜನಕ್ಕೇನು, ಆಡಿಕೊಳ್ಳುವುದಕ್ಕೆ ನಾಲಿಗೆ ಇದೆ, ಆಡಿಕೊಂಡರು. ಕುಲ್ಯಾಶ್‌ಗೆ ಅದರ ಚಿಂತೆ ಇರಲಿಲ್ಲ. ಅವಳ ಜೀವವೆಲ್ಲ ನಾಲ್ಕನೇ ಸುರಂಗದಲ್ಲಿತ್ತು, ಏಕೆಂದರೆ ತಮ್ಮ ಇದ್ದದ್ದು ಅಲ್ಲಿ.

ಹೋದ ಚಳಿಗಾಲದ ಮೊದಲಲ್ಲಿ ಅವನಿಗೆ ಒಂಟೆಯ ಉಣ್ಣೆ ತುಂಬಿದ ತೋಳಿಲ್ಲದ ಅಂಗಿಯೊಂದನ್ನು ಹೊಲಿದು ಕೊಟ್ಟಿದ್ದಳು. ಗಣಿಯ ಬಚ್ಚಲುಮನೆಯಲ್ಲಿ ಬಟ್ಟೆ ಅದಲುಬದಲಾಗುತ್ತದೆಂದು ಕೊರಳಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಅವನ ಹೆಸರನ್ನೂ ಹಾಕಿದ್ದಳು. ಜನವರಿಯ ಒಂದು ಭಾನುವಾರ ಅವನು ಊಟಕ್ಕೆ ಬಂದಾಗ ಮೈಮೇಲೆ ಅದಿರಲಿಲ್ಲ.

"ಅಂಗಿ ಎಲ್ಲೋ?"

"ಕೆಳಗಿದೆ ಅಕ್ಕ. ಗಣೀಲಿ."

"ಅದನ್ನ ಅಲ್ಲಿ ಬಿಟ್ಟು ಇಲ್ಲಿ ನಡುಗ್ತಾ ಬರ್ತೀಯಲ್ಲ, ತಲೆ ನೆಟ್ಟಗಿದೆಯೇನೋ ನಿಂಗೆ?"

"ಅಲ್ಲೇ ಬೇಕಾಗುತ್ತೆ," ಎಂದ ಝಾನಾಬಿಲ್, ತಟ್ಟೆಯಿಂದ ತಲೆಯೆತ್ತದೆ. ಅವನ ಹೆಂಡತಿ ಅವಸರವಸರವಾಗಿ ಮಾಂಸದ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಕುಲ್ಯಾಶ್ ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಮಾರ್ಚ್ ತಿಂಗಳಲ್ಲಿ ತಪಾಸಣಾ ಮಂಡಳಿಯವರು ಬರುವ ಸುದ್ದಿ ಬಂತು. ಪಾಳಿಯ ಮುಖ್ಯಸ್ಥ ಕೈರ್‌ಗೆಲ್ದಿಗೆ ಆಗ ಶೋಕಿ ಹತ್ತಿತು. ಇದ್ದ ಎರಡು ಪರದೆ ಸಾಲದು, ಗೋಡೆ ತುಂಬ ನಾಲ್ಕು ಇರಬೇಕು, ಬಂದವರು ಬಾಯಿ ಬಿಟ್ಟು ನೋಡಬೇಕು ಅಂತ. ನಾಲ್ಕನ್ನು ನಡೆಸಲು ಕಂಪ್ಯೂಟರಿನೊಳಗಿನ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ತ್ರಾಣವಿರಲಿಲ್ಲ. ಗೋಡೆಗೆ ಇನ್ನೆರಡು ಪರದೆ ಹಾಕಿಸಿ, ಹೊಸ ಕಾರ್ಡನ್ನೂ ತರಿಸಿದರು. ಕಂಪ್ಯೂಟರ್ ರಿಪೇರಿಯ ಗೇನಾ ಒಂದು ಬೆಳಗ್ಗೆ ಹತ್ತು ಗಂಟೆಗೆ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಬಂದ.

"ಹತ್ತೇ ನಿಮಿಷ ಕುಲ್ಯಾಶಕ್ಕ. ನೀವು ಟೀ ಕುಡಿದು ಮುಗಿಸೋದ್ರೊಳಗೆ ಆಯ್ತು."

ಹಳೆಯ ಕಾರ್ಡ್ ಕಿತ್ತ, ಹೊಸದನ್ನು ಕೂರಿಸಿದ, ಸ್ವಿಚ್ ಒತ್ತಿದ. ಫ್ಯಾನುಗಳು ತಿರುಗಿದವು. ನಾಲ್ಕೂ ಪರದೆ ಕಪ್ಪಗೇ ಉಳಿದವು.

ಗೇನಾ ಕೇಬಲ್ ಬದಲಿಸಿದ, ಬರಲಿಲ್ಲ. ಕಾರ್ಡ್ ತೆಗೆದು, ಊದಿ, ಮತ್ತೆ ಕೂರಿಸಿದ, ಬರಲಿಲ್ಲ. ಒಳಗಿನ ಬಿಲ್ಲೆ ಬ್ಯಾಟರಿಯನ್ನು ಕಳಚಿ ಐದು ನಿಮಿಷ ಕಾದ, ಆಗಲೂ ಇಲ್ಲ. ಹಳೆಯ ಕಾರ್ಡನ್ನೇ ವಾಪಸ್ ಹಾಕೋಣವೆಂದರೆ, ಕೀಳುವ ಅವಸರದಲ್ಲಿ ಅದರ ಮೂಲೆ ಮುರಿದಿತ್ತು. ಅವನ ಮುಖ ಬಿಳಿಚಿಕೊಂಡಿತು.

ಅರ್ಧ ಗಂಟೆ ಕಳೆದಿತ್ತು, ಕುಲ್ಯಾಶ್ ಟೀಯನ್ನು ಪಕ್ಕಕ್ಕಿಟ್ಟಳು. ಗೋಡೆಯ ಮೇಲೆ ಕಟ್ಟು ಹಾಕಿಸಿದ ನಿಯಮದ ಕಾಗದವಿತ್ತು. ಪರದೆ ಅರ್ಧ ಗಂಟೆ ಮೀರಿ ಹೋದರೆ ಹತ್ತು ನಿಮಿಷಕ್ಕೊಮ್ಮೆ ಕೆಳಗೆ ಫೋನ್ ಮಾಡಿ, ಕೈಮಾಪಕದಲ್ಲಿ ಗ್ಯಾಸ್ ಅಳೆಸಿ ಬರೆದುಕೊಳ್ಳಬೇಕು. ಬೇರೆ ಪಾಳಿಯವರು ಪರದೆ ಹೋದಾಗ ಚೆನ್ನಾಗಿ ಹರಟೆ ಹೊಡೆಯುತ್ತಿದ್ದರು. ಇವಳು ಫೋನೆತ್ತಿದಳು.

ಬಾಗಿಲಲ್ಲಿ ನಿಂತಿದ್ದ ಕೈರ್‌ಗೆಲ್ದಿ ತಡೆದ. "ಈಗ ಸರಿಹೋಗುತ್ತೆ ಬಿಡ್ರಿ. ಸುಮ್ನೆ ಯಾಕೆ ಅವರ ಕೆಲಸ ಕೆಡಿಸ್ತೀರಿ?"

"ಕಾಗದದ ಮೇಲೆ ನಿಮ್ಮದೇ ರುಜು ಇದೆ ಸಾರ್."

ಮೊದಲು ನಾಲ್ಕನೇ ಸುರಂಗಕ್ಕೇ ಮಾಡಿದಳು. ಫೋನೆತ್ತಿದ್ದು ಝಾನಾಬಿಲ್.

"ಪರದೆ ಹೋಗಿದೆ ಕಣೋ. ಕೈಮಾಪಕ ನೋಡಿ ಹೇಳು."

"ಪಾಯಿಂಟ್ ನಾಲ್ಕು," ಎಂದ, ಅವಳ ಮಾತು ಮುಗಿಯುವ ಮೊದಲೇ.

"ನೋಡದೆ ಹೇಳಿದೆ. ನಂಗೆ ಗೊತ್ತಾಗಲ್ವಾ? ಹೋಗಿ ನೋಡ್ಕೊಂಡು ಬಾ."

ಆ ಕಡೆ ಯಂತ್ರದ ಕೊರೆತ ಕೇಳಿಸುತ್ತಿತ್ತು. ಎರಡು ನಿಮಿಷ ಕಳೆಯಿತು. ಕೊನೆಗೆ ಅವನ ದನಿ ಬಂತು, ತಗ್ಗಿ ಬಂತು.

"ಅಕ್ಕ, ಪರದೆ ಇನ್ನೂ ಕಪ್ಪಗೇ ಇದೆಯಾ?"

"ಇದೆ."

"ಕಂಪ್ಯೂಟರಲ್ಲಿ ಏನೂ ದಾಖಲಾಗ್ತಿಲ್ಲ ತಾನೇ?"

"ಇಲ್ಲ. ನಾನು ಪೆನ್ನಲ್ಲಿ ಬರ್ಕೊಳ್ತೀನಿ ಅಷ್ಟೆ."

"ಹಾಗಾದ್ರೆ ಬರೀಬೇಡ. ಎರಡು ಪಾಯಿಂಟ್ ಮೂರು."

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು. ಅದೇ ಗಳಿಗೆಗೆ ಗೇನಾ, "ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಮೇಜಿನ ಕೆಳಗಿನಿಂದ ಗೊಣಗಿದ. ಕಾರ್ಡಿಗೆ ಕರೆಂಟು ಕೊಡುವ ತಂತಿಯ ತುದಿ ಅರ್ಧಕ್ಕೇ ಕೂತಿತ್ತು. ಒತ್ತಿದ, ಟಿಕ್ ಎಂದಿತು. ಕಂಪ್ಯೂಟರು ಮತ್ತೆ ಶುರುವಾಗಿ ನಾಲ್ಕು ಪರದೆಗಳೂ ಹೊತ್ತಿಕೊಂಡವು. ಆರು ಸುರಂಗಗಳ ಅಂಕಿಗಳು ಹಸಿರು ಬಣ್ಣದಲ್ಲಿ ಬಂದು ಕೂತವು. ಕೈರ್‌ಗೆಲ್ದಿ ಗೇನಾನ ಬೆನ್ನು ತಟ್ಟಿದ.

ನಾಲ್ಕನೇ ಸುರಂಗದ ಅಂಕಿ ಸೊನ್ನೆ ಪಾಯಿಂಟ್ ನಾಲ್ಕು ಎಂದಿತ್ತು.

ಕುಲ್ಯಾಶ್ ಆ ಅಂಕಿಯನ್ನೇ ನೋಡಿದಳು. ಇಡೀ ಚಳಿಗಾಲ ಅದನ್ನೇ ನೋಡಿದ್ದಳು. ಅದನ್ನು ನೋಡಿಯೇ, ನನ್ನ ತಮ್ಮ ಕ್ಷೇಮವಾಗಿದ್ದಾನೆ ಎಂದು ನೆಮ್ಮದಿಯಾಗಿ ಟೀ ಕುಡಿದಿದ್ದಳು. ಭಾನುವಾರದ ಊಟ ನೆನಪಾಯಿತು, ತಲೆಯೆತ್ತದೆ 'ಅಲ್ಲೇ ಬೇಕಾಗುತ್ತೆ' ಎಂದ ಅವನ ಮುಖ ನೆನಪಾಯಿತು.

"ಝಾನಾಬಿಲ್, ನಾನು ಹೊಲಿದ ಅಂಗಿ ಎಲ್ಲಿದೆ?"

ಆ ಕಡೆ ಯಂತ್ರ ಕೊರೆಯುತ್ತಲೇ ಇತ್ತು.

"ಸೆನ್ಸರಿಗೆ ಸುತ್ತಿದೀರಾ?"

"ಕೆಳಗೆ ಪ್ಲಾಸ್ಟಿಕ್ಕು, ಮೇಲೆ ಅಂಗಿ," ಎಂದ. "ಇಲ್ದಿದ್ರೆ ದಿನಕ್ಕೆ ನಾಲ್ಕು ಸಲ ಯಂತ್ರ ನಿಲ್ಲುತ್ತೆ ಅಕ್ಕ. ಹೇಳಿದಷ್ಟು ಟನ್ನು ತೆಗೀದಿದ್ರೆ ನಮ್ಮನ್ನ ಯಾರು ಇಟ್ಕೋತಾರೆ?"

"ಬಿಚ್ಚು."

"ಬಿಚ್ಚಿದ್ರೆ ಅಂಕಿ ಒಂದೇ ಸಲ ಏರುತ್ತೆ. ದಾಖಲಾಗುತ್ತೆ. ನನ್ನನ್ನ ಜೈಲಿಗೆ ಹಾಕ್ತಾರೆ."

"ಹಾಕ್ಲಿ ಕಣೋ. ಜೈಲಿಗೆ ಬುತ್ತಿ ತರ್ತೀನಿ ನಾನು. ಯಂತ್ರ ನಿಲ್ಲಿಸು, ಅದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಮೇಲೆ ಬಾ. ಎಲ್ಲರನ್ನೂ ಕರ್ಕೊಂಡು ಬಾ. ಇದು ನಿನ್ನ ಅಕ್ಕ ಹೇಳ್ತಿರೋದಲ್ಲ, ಡ್ಯೂಟಿ ಮೇಲಿರೋಳು ಹೇಳ್ತಿರೋದು."

ಕೈರ್‌ಗೆಲ್ದಿ ಗಾಬರಿಯಿಂದ ಮುಂದೆ ಬಂದ. "ಏನ್ರೀ ಇದು, ಪಾಯಿಂಟ್ ನಾಲ್ಕು ತೋರಿಸ್ತಿದೆ, ಇವರು ಎಲ್ಲರನ್ನೂ ಮೇಲಕ್ಕೆ ಕರೀತಾರಂತೆ."

ಅವಳು ಬೆರಳು ಮಾಡಿ ಪರದೆ ತೋರಿಸಿದಳು. ಪಾಯಿಂಟ್ ನಾಲ್ಕು ಇದ್ದದ್ದು ಪಾಯಿಂಟ್ ಒಂಬತ್ತಾಯಿತು. ಒಂದೂವರೆಯಾಯಿತು. ಎರಡು ದಾಟಿ, ಎರಡು ಪಾಯಿಂಟ್ ಆರಕ್ಕೆ ಹೋಗಿ ನಿಂತಿತು. ಹೊಸ ಕಾರ್ಡಿನ ಕೃಪೆಯಿಂದ ಅದು ಗೋಡೆ ತುಂಬ ಕೆಂಪಾಗಿ ಕಂಡಿತು, ಅಲಾರಂ ಹೊಡೆದುಕೊಂಡಿತು. ಕೈರ್‌ಗೆಲ್ದಿ ಕುರ್ಚಿ ಹುಡುಕಿ ಕುಳಿತ. ಇವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಆ ಮುಖ ನೋಡಿದರೆ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ನಾಲ್ಕನೇ ಸುರಂಗದ ಮೂವತ್ತೆಂಟು ಜನ ಮೇಲೆ ಬಂದರು. ಝಾನಾಬಿಲ್ ಕೊನೆಯವನು. ಮಸಿ ಮುಖದಲ್ಲೇ ಕೋಣೆಗೆ ಬಂದು, ಕೈಯಲ್ಲಿದ್ದ ಅಂಗಿಯನ್ನು ಅವಳ ಮೇಜಿನ ಮೇಲಿಟ್ಟ. ಕೊರಳಪಟ್ಟಿ ಮಡಚಿಕೊಂಡಿತ್ತು, ಕೆಂಪು ದಾರದ ಹೆಸರು ಮಾತ್ರ ಇನ್ನೂ ಕಾಣುತ್ತಿತ್ತು. ಕುಲ್ಯಾಶ್ ಅವನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅದೇ ಕೈಯಲ್ಲಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಬಿಡಲಿಲ್ಲ.

"ನಿಮ್ಮದೊಂದೇನಾ?" ಎಂದು ಕೇಳಿದಳು.

ಅವನು ನೆಲ ನೋಡಿದ.

"ನಿನ್ನನ್ನೇ ಕೇಳ್ತಿರೋದು. ಹೀಗೆ ಸುತ್ತಿರೋದು ನಿಮ್ಮ ಸುರಂಗದಲ್ಲಿ ಮಾತ್ರಾನಾ?"

ಅವನು ಗೋಡೆಯ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದ. ಗೇನಾ ಉಪಕರಣಗಳನ್ನು ಚೀಲಕ್ಕೆ ಹಾಕುತ್ತಿದ್ದವನು ಹಾಗೇ ನಿಂತ. ಗೋಡೆಯ ಮೇಲೆ ಉಳಿದ ಐದು ಸುರಂಗಗಳ ಅಂಕಿಗಳಿದ್ದವು. ಪಾಯಿಂಟ್ ಮೂರು, ಪಾಯಿಂಟ್ ನಾಲ್ಕು, ಪಾಯಿಂಟ್ ನಾಲ್ಕು, ಪಾಯಿಂಟ್ ಐದು, ಪಾಯಿಂಟ್ ಮೂರು. ಎಲ್ಲ ಹಸಿರು. ಅವುಗಳ ಕೆಳಗೆ ಇನ್ನೂರು ಚಿಲ್ಲರೆ ಜನರಿದ್ದರು, ಒಬ್ಬೊಬ್ಬರಿಗೂ ಒಂದೊಂದು ಮನೆಯಿತ್ತು.

ತಮ್ಮನ ತೋಳು ಬಿಡದೆಯೇ ಕುಲ್ಯಾಶ್ ಇನ್ನೊಂದು ಕೈಯಲ್ಲಿ ಫೋನೆತ್ತಿ ಐದನೇ ಸುರಂಗಕ್ಕೆ ಮಾಡಿದಳು. ಪರದೆಗಳು ಅವಳ ಎದುರಿಗೇ ಝಗಝಗ ಉರಿಯುತ್ತಿದ್ದವು.

"ನಾನು ಕುಲ್ಯಾಶ್. ನಮ್ಮ ಪರದೆ ಇನ್ನೂ ಕಪ್ಪಗೇ ಇದೆ," ಎಂದಳು. "ಕೈಮಾಪಕ ನೋಡಿ ಹೇಳು."

ಆ ಕಡೆಯಿಂದ ಯಾರೋ ದನಿ ತಗ್ಗಿಸಿ ಕೇಳಿದರು.

"ದಾಖಲಾಗ್ತಿಲ್ಲ ತಾನೇ, ಅಕ್ಕ?"